ಡಾಕ್ಟರಮ್ಮ ಮಾತಾಡಿ ಅಂದಿದ್ದರು

ಮಹೇಶ್ವರಪ್ಪ: ಸುಖ ಇಲ್ಲ ಅಂತ ಡಾಕ್ಟರಮ್ಮನ ಮುಂದೆ ಹೇಳಾಕೆ ನಿಂಗೆ ಹೆಂಗೆ ಬಾಯಿ ಬಂತು?

ಪ್ರಮೀಳಾ: ಅವರು ಕೇಳಿದ್ರು, ಹೇಳಿದೆ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.

ಬಸವಾಪಟ್ಟಣದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಮಹೇಶ್ವರಪ್ಪ, ಹೆಂಡತಿಯನ್ನು ಚನ್ನಗಿರಿಯಲ್ಲಿ ಡಾಕ್ಟರಿಗೆ ತೋರಿಸಿ ವಾಪಸ್ ಹೊರಟಿದ್ದ. ಮುಟ್ಟು ನಿಂತ ಮೇಲೆ ಗಂಡನ ಜೊತೆ ಕೂಡಿದಾಗಲೆಲ್ಲ ಅವಳಿಗೆ ನೋವು. ಈ ವಯಸ್ಸಿಗೆ ಇದು ಸಹಜ ಎಂದು ಡಾಕ್ಟರಮ್ಮ ಒಂದು ಜೆಲ್ ಬರೆದುಕೊಟ್ಟು, “ಒಬ್ಬೊಬ್ಬರ ಸುಖ ಒಂದೊಂದು ಥರ. ಮೊದಲು ಇಬ್ಬರೂ ಕೂತು ಮಾತಾಡಿ” ಎಂದಿದ್ದರು. ಮನೆಯಲ್ಲಿ ಅತ್ತೆ, ಮಗ, ಸೊಸೆ. ಹಾಗಾಗಿ ಸೂಳೆಕೆರೆ ಏರಿಯ ಮೇಲೆ ಬೈಕು ನಿಲ್ಲಿಸಿ ಕೂತಿದ್ದರು.

ಮಹೇಶ್ವರಪ್ಪ: ಅಂದ್ರೆ ದೋಷ ನಂದು.

ಪ್ರಮೀಳಾ: ದೋಷ ಅಂತ ಯಾರಂದ್ರು? ಅವಸರ ಅಂದೆ.

ಮಹೇಶ್ವರಪ್ಪ: ಪಕ್ಕದ ಮನೆ ಜಯದೇವಪ್ಪನ ಹೆಂಡ್ತಿ ಒಂದಿನಾನೂ ತಕರಾರು ಮಾಡಿಲ್ಲಂತೆ. ಅವನೇ ಹೇಳ್ಯಾನೆ.

ಪ್ರಮೀಳಾ: ಮಾಡಲ್ಲ. ನಾಗರತ್ನ ಆ ಹೊತ್ನಾಗೆ ನಾಳೆ ಏನು ಪಲ್ಯ ಮಾಡೋದು ಅಂತ ಯೋಚ್ನೆ ಮಾಡ್ತಾಳಂತೆ. ಅವಳೇ ಹೇಳ್ಯಾಳೆ.

ಮಹೇಶ್ವರಪ್ಪ ನೀರಿನ ಕಡೆ ನೋಡಿದ.

ಮಹೇಶ್ವರಪ್ಪ: ನೀನೂ ಪಲ್ಯದ್ದೇ ಯೋಚ್ನೆ ಮಾಡ್ತೀಯಾ?

ಪ್ರಮೀಳಾ: ಅಷ್ಟು ಹೊತ್ತು ಎಲ್ಲಿರ್ತೈತ್ರೀ.

ಅವನ ಮುಖ ಸಣ್ಣಗಾಯಿತು. ಅಂದದ್ದು ಹೆಚ್ಚಾಯಿತೇನೋ ಎಂದು ಅವಳು ಸೆರಗು ಸರಿ ಮಾಡಿಕೊಳ್ಳುತ್ತ ಕೂತಳು.

ಮಹೇಶ್ವರಪ್ಪ: ಆತು. ನಿಂಗೆ ಏನು ಬೇಕು, ಹೇಳು.

ಪ್ರಮೀಳಾ: ಮೊದ್ಲು ಒಂದೀಟು ಮಾತಾಡ್ಬೇಕು.

ಮಹೇಶ್ವರಪ್ಪ: ಮಾತಾಡ್ತೀನಲ್ಲ.

ಪ್ರಮೀಳಾ: ಗೇಟ್ ಹಾಕಿದ್ಯಾ, ಸಂಪು ತುಂಬ್ತಾ ಅನ್ನೋದು ಮಾತಲ್ಲ. ಬೆನ್ನ ಮೇಲೆ ಸುಮ್ನೆ ಕೈ ಆಡಿಸ್ಬೇಕು. ಅಲ್ಲಿಂದ ಮುಂದಕ್ಕೆ ಅರ್ಜೆಂಟ್ ಮಾಡ್ಬಾರ್ದು.

ಮಹೇಶ್ವರಪ್ಪ: ಹೆಂಗಸ್ರಿಗೆ ಕಿವಿ ಕಚ್ಚಿದ್ರೆ ಇಷ್ಟ ಅಂತ ಜಯದೇವಪ್ಪ ಅಂದಿದ್ದ.

ಪ್ರಮೀಳಾ: ಅದಕ್ಕಾ ಕಚ್ತಿದ್ದಿದ್ದು? ನಿಮಗೆ ಇಷ್ಟ ಅಂತ ನಾನು ಸುಮ್ನಿದ್ದೆ.

ಮಹೇಶ್ವರಪ್ಪ: ನಂಗೇನು ಇಷ್ಟ. ಓಲೆ ಹಲ್ಲಿಗೆ ಸಿಗ್ತೈತೆ.

ಪ್ರಮೀಳಾ: ಮತ್ತೆ ನಿಮಗೆ ಇಷ್ಟ ಆಗೋದೇನು?

ಯಾರೂ ಇಲ್ಲದಿದ್ದರೂ ಅವನು ಎರಡೂ ಕಡೆ ನೋಡಿ ದನಿ ತಗ್ಗಿಸಿದ.

ಮಹೇಶ್ವರಪ್ಪ: ತಲೆ ನೇವರಿಸಿದ್ರೆ ಇಷ್ಟ. ಒಂದೊಂದಿನ ಅಷ್ಟೇ ಸಾಕು ಅನ್ಸುತ್ತೆ. ಹಂಗಂದ್ರೆ ಇವ್ನ ಗಂಡಸ್ತನ ಹೋತು ಅಂದ್ಕಂತೀಯ ಅಂತ ಹೇಳ್ಲಿಲ್ಲ.

ಪ್ರಮೀಳಾ: ಬ್ಯಾಡ ಅಂದ್ರೆ ನಿಮಗೆ ಬೇಜಾರಾದೀತು ಅಂತ ನಾನೂ ಹೇಳ್ಲಿಲ್ಲ.

ಮಹೇಶ್ವರಪ್ಪ: ಹಂಗಾದ್ರೆ ಎಷ್ಟೋ ದಿನ ಇಬ್ರಿಗೂ ಬ್ಯಾಡಾಗಿತ್ತು.

ಪ್ರಮೀಳಾ: ಬೇಕಾದ ದಿನಾನೂ ಇದ್ವು. ಅವತ್ತೂ ನೀವು ಕೇಳ್ಲಿಲ್ಲ.

ಅವನು ತಲೆ ತಗ್ಗಿಸಿದ. ಪ್ರಮೀಳಾ ಕೈ ಎತ್ತಿ ಅವನ ತಲೆ ನೇವರಿಸಿದಳು. ಮಹೇಶ್ವರಪ್ಪ ಕಣ್ಣು ಮುಚ್ಚಿದ. ಅಷ್ಟರಲ್ಲಿ ಮೊಪೆಡ್ಡಿಗೆ ಮೀನಿನ ಬುಟ್ಟಿ ಕಟ್ಟಿಕೊಂಡು ಬರುತ್ತಿದ್ದ ಅವರ ಊರಿನ ದುರುಗಣ್ಣ ಪಕ್ಕದಲ್ಲೇ ನಿಲ್ಲಿಸಿದ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

ದುರುಗಣ್ಣ: ಯಾಕಣ್ಣ, ಗಾಡಿ ಕೆಟ್ಟೈತಾ?

ಮಹೇಶ್ವರಪ್ಪ: ಇಲ್ಲಪ್ಪ. ಮಾತಾಡಾಕೆ ನಿಂತೀವಿ.

ದುರುಗಣ್ಣ: ಗಂಡ ಹೆಂಡ್ತಿ ಮಾತಾಡಾಕೆ ಕೆರೆ ಏರಿಗೆ ಬರ್ಬೇಕಾ? ಮನೆಯಾಗೆ ಏನಾಗೈತೆ?

ಪ್ರಮೀಳಾ ಎದ್ದು ಸೀರೆಯ ಧೂಳು ಕೊಡವಿಕೊಂಡಳು.

ಪ್ರಮೀಳಾ: ಮನೆಯಾಗೆ ಬೇರೆ ಕೆಲಸ ಐತೆ.