ನನ್ನ ಫೋನಿನಲ್ಲಿ ತಿರುಗದ ಸೀರೆ

ನನ್ನ ಮೊಮ್ಮಗಳಿಗೆ ಕೆಟ್ಟ ಫೋನು ಕಂಡರೆ ಜೀವ! ನಂಬುವುದಿಲ್ಲವೇ? ನಮ್ಮ ಡೊಂಬಿವಲಿಯ ಸೊಸೈಟಿಯಲ್ಲಿ ಯಾರ ಮನೆಯಲ್ಲಿ ಗಾಜು ಒಡೆದ ಮುದಿ ಫೋನಿದೆ ಎಂದು ವಾಚ್‌ಮನ್ನಿಗೂ ಗೊತ್ತಿಲ್ಲ, ಇವಳಿಗೆ ಗೊತ್ತು.

ಇವಳದು ವೆಬ್‌ಸೈಟಿಗೆ ಚಿತ್ರ ಕೂರಿಸುವ ಕೆಲಸ. ನಾನು ಓದಿದ್ದು ಎರಡನೇ ಇಯತ್ತೆ, ತಿಳಿದಷ್ಟು ಹೇಳುತ್ತೇನೆ. ಫೋನಿನಲ್ಲಿ ವೆಬ್‌ಸೈಟು ತೆರೆದು ತೋರಿಸುವುದಕ್ಕೆ ಬ್ರೌಸರ್ ಎನ್ನುತ್ತಾರಂತೆ. ಹೊಸ ಬ್ರೌಸರಿಗೆ ನೆರಳು, ಹೊಳಪು, ಗಿರಗಿರ ತಿರುಗಿಸುವುದು ಎಲ್ಲ ಬರುತ್ತದೆ. ಹಳೆಯದಕ್ಕೆ ಬರುವುದಿಲ್ಲ, ಚಿತ್ರದ ಜಾಗ ಬರೀ ಬಿಳಿ! ಹಾಗಾಗಿ ‘ನಿನಗೇನು ಬರುತ್ತದಪ್ಪಾ?’ ಎಂದು ಮೊದಲು ಆ ಬ್ರೌಸರನ್ನೇ ಕೇಳಿ, ಬರುವುದರಲ್ಲೇ ಚಂದ ಮಾಡಿಕೊಡುವುದು ಇವಳ ಹಟ.

ಪಕ್ಕದ ಊರು ಕಲ್ಯಾಣದಿಂದ ಒಬ್ಬ ಹುಡುಗ ತಾಯಿಯ ಜೊತೆ ಇವಳನ್ನು ನೋಡಲು ಬಂದಿದ್ದ. ಉಪ್ಪಿಟ್ಟು ಕೊಟ್ಟವಳೇ ಅವನ ಫೋನು ಇಸಿದುಕೊಂಡಳು. ಹೊಸದು, ಕೂಡಲೇ ವಾಪಸ್! ಅವನ ತಾಯಿಯದು ಹಳೆಯದು. ಸಂಜೆಯವರೆಗೂ ಅವರ ಪಕ್ಕ ಬಿಟ್ಟು ಏಳಲಿಲ್ಲ. ಸಂಬಂಧ ಕೂಡಲಿಲ್ಲ. ಆ ತಾಯಿ ಮಾತ್ರ ಇವತ್ತಿಗೂ ಇವಳಿಗೆ ಫೋನು ಮಾಡುತ್ತಾರೆ.

ನನ್ನ ಮಗ ನನಗೊಂದು ಹೊಸ ಫೋನು ತಂದ. ಇವಳು ಅದನ್ನು ಡಬ್ಬಿ ಸಮೇತ ಕಪಾಟಿನ ಮೇಲಿಟ್ಟಳು. “ಅಜ್ಜಿ, ನಿನ್ನ ಡಬ್ಬಾ ಫೋನ್ ಸಂಭಾಳಿಸು. ಇಷ್ಟು ಕೆಟ್ಟದ್ದು ಎಲ್ಲೂ ಸಿಗೂದಿಲ್ಲ!”

ಆಮೇಲೆ ಬಂತು ಇಳಕಲ್ ಸೀರೆ ಅಂಗಡಿಯ ಕೆಲಸ. ಬೆರಳು ಸವರಿದರೆ ಸೀರೆ ಸುತ್ತಲೂ ತಿರುಗಬೇಕು. ಎಲ್ಲರ ಫೋನಿನಲ್ಲಿ ತಿರುಗಿತು, ನನ್ನದರಲ್ಲಿ ಬಿಳಿ. ಘೋಡಬಂದರ್ ರಸ್ತೆಯ ಆಫೀಸಿನಿಂದ ಇವಳ ಸಾಹೇಬರ ಫೋನು ಬಂತು. ಉಡುಪಿ ಕಡೆಯವರು.

“ಅಂಥ ಫೋನ್ ಈಗ ಯಾರ ಹತ್ರ ಉಂಟು ಮಾರಾಯ್ತಿ? ಬಿಟ್ಟುಬಿಡು.”

“ಸರ್, ಇಳಕಲ್ ಸೀರಿ ಉಡೋರ ಹತ್ರನ ಐತಿ. ಅವರಿಗೆ ಕಾಣೂತನಕ ನಾ ಹೂಂ ಅನ್ನೂದಿಲ್ಲ.”

ಕೆಲಸ ಹೋಯಿತು ಎಂದುಕೊಂಡೆ! ಆದರೆ ಸಾಹೇಬರು ನಾಳೆಯವರೆಗೆ ಸಮಯ ಕೊಟ್ಟರು.

ಮರುದಿನ ನನ್ನ ಕೈಗೆ ಫೋನು ಕೊಟ್ಟು ಎದುರಿಗೆ ನಿಂತಳು. ಸೀರೆ ತಿರುಗಲಿಲ್ಲ. ಮೊದಲು ಒಡಲು ಬಂತು, ಸವರಿದರೆ ಅಂಚಿನ ದಡಿ, ಮತ್ತೆ ಸವರಿದರೆ ಕೊನೆಗೆ ಕೆಂಪು ಸೆರಗು. ಇವಳು ಮೊಣಕಾಲೆತ್ತರ ಇದ್ದಾಗ ಮಂಚದ ಮೇಲೆ ನನ್ನ ಸೀರೆ ಬಿಚ್ಚಿ ತೋರಿಸುತ್ತಿದ್ದೆನಲ್ಲ, ಅದೇ ಕ್ರಮ. ಸೆರಗನ್ನು ನಾನು ಯಾವಾಗಲೂ ಕೊನೆಗೇ ಬಿಚ್ಚುತ್ತಿದ್ದೆ.

“ಕಂಡಿತೇನ, ಅಜ್ಜಿ?” ಎಂದಳು.

ಕಂಡಿತು ಎಂದೆ. ಹೊಸ ಫೋನು ಇನ್ನೂ ಕಪಾಟಿನ ಮೇಲೆಯೇ ಇದೆ, ಇರಲಿ ಬಿಡಿ.