ಮೆಟ್ಟಿಲಲ್ಲಿ ಸಿಕ್ಕಿಕೊಂಡ ಬೀರು

"ಯಾರಿಗಾದ್ರೂ ಅಳಬೇಕು ಅಂತಿದ್ರೆ ಈಗ್ಲೇ ಅತ್ತು ಮುಗಿಸಿಬಿಡಿ. ನಾಳೆಯಿಂದ ಅಳೋಕೆ ಪುರುಸೊತ್ತಿರಲ್ಲ!"

ಇದು ನಾನು ಹೊರಡಿಸಿದ ರಾಜಾಜ್ಞೆ. ಹೊರಡಿಸಿದ್ದು ತಾತ ಕಟ್ಟಿಸಿದ ಮನೆಯ ನಡುಮನೆಯಲ್ಲಿ, ಒಂದು ಸ್ಟೂಲಿನ ಮೇಲೆ ನಿಂತು. ಕೇಳಿಸಿಕೊಂಡ ಪ್ರಜೆಗಳು ಇಬ್ಬರು. ಒಬ್ಬಳು ನನ್ನ ಹೆಂಡತಿ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ, ಮನೆಗೆ ಬಂದು ನನಗೆ ಕೆಂಪು ಗೆರೆ ಎಳೆಯುತ್ತಾಳೆ. ಇನ್ನೊಬ್ಬಳು ನನ್ನ ಅಕ್ಕ.

"ಅಳೋ ಕಾರ್ಯಕ್ರಮ ಯಾರೂ ಇಟ್ಕೊಂಡಿಲ್ಲ. ಮೊದಲು ನೀವು ಸ್ಟೂಲಿಂದ ಇಳೀರಿ" ಎಂದಳು ಹೆಂಡತಿ.

ಅಕ್ಕ ಏನೂ ಅನ್ನಲಿಲ್ಲ. ಅಮ್ಮ ತೀರಿಕೊಂಡಾಗಿನಿಂದ ಅವಳು ಏನೂ ಅನ್ನುವುದೇ ಇಲ್ಲ. ಮಾತಾಡುತ್ತಾಳೆ, ಇಲ್ಲವೆಂದಲ್ಲ. ಹಾಲು ಬಂತು, ನಲ್ಲಿ ಸೋರ್ತಿದೆ, ಬಾಗಿಲು ಹಾಕ್ಕೋ, ಅಷ್ಟೇ. ಮದುವೆಯ ಗೊಡವೆಗೆ ಹೋಗದೆ ಹುಟ್ಟಿದ ಮನೆಯಲ್ಲೇ ಉಳಿದವಳು ಅವಳು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ದುಡಿದಳು. ಅಮ್ಮನಿಗೆ ಮರೆವು ಹೆಚ್ಚಾದ ಮೇಲೆ ಆ ಕೆಲಸವನ್ನೂ ಬಿಟ್ಟಳು. ಈಗ ಅಷ್ಟು ದೊಡ್ಡ ಮಹಡಿ ಮನೆಯಲ್ಲಿ ಅವಳೊಬ್ಬಳೇ. ಸಮುದ್ರದ ಉಪ್ಪುಗಾಳಿ ಕಿಟಕಿಯ ಸರಳುಗಳನ್ನು ತಿಂದು ತೇಗಿ, ಬಾಗಿಲ ಚಿಲಕಕ್ಕೆ ಬಾಯಿ ಹಾಕಿತ್ತು. ಮೇಲಿನ ಕಿಟಕಿಯ ಬಣ್ಣದ ಗಾಜುಗಳಲ್ಲಿ ಅರ್ಧ ಗಾಜು, ಅರ್ಧ ರಟ್ಟು.

"ಮಾರಿಬಿಡೋಣ ಕಣೋ. ನಾನು ನಿಮ್ಮ ಫ್ಲ್ಯಾಟಿಗೇ ಬಂದ್ಬಿಡ್ತೀನಿ" ಎಂದವಳೂ ಅವಳೇ. ಹಳೇ ಪೇಪರ್ ತೂಕಕ್ಕೆ ಹಾಕಿಬಿಡೋಣ ಎನ್ನುವ ದನಿ! ಕಣ್ಣಲ್ಲಿ ಒಂದು ಹನಿ ಇಲ್ಲ. ನನಗೆ ಅದೇ ಹೆದರಿಕೆ. ಅಮ್ಮನನ್ನು ಕಳಿಸಿಕೊಟ್ಟ ದಿನವೂ ಅಕ್ಕ ಅತ್ತಿರಲಿಲ್ಲ. ಬಂದವರಿಗೆಲ್ಲ ಕುರ್ಚಿ ಹಾಕುತ್ತ ಓಡಾಡುತ್ತಿದ್ದಳು. ಈ ಕಟ್ಟೆ ಎಂದಾದರೊಂದು ದಿನ ಒಡೆದೇ ಒಡೆಯುತ್ತದೆ. ಒಡೆದಾಗ ಅಡ್ಡ ನಿಲ್ಲಲು ಗಟ್ಟಿ ಎದೆಯವನೊಬ್ಬ ಬೇಡವೇ? ಇದ್ದಾನೆ! ಸಾಕ್ಷಾತ್ ನಾನು!

ಮನೆ ಮಾರಿಸಿಕೊಡಲು ಒಪ್ಪಿದ್ದ ಬ್ರೋಕರ್ ಕೋಣೆ ಕೋಣೆ ಸುತ್ತಿ, ಮಹಡಿಯ ಮೇಲೆ ಅಮ್ಮನ ಕೋಣೆಗೆ ಬಂದು ನಿಂತ. "ಸಾರ್, ಈ ಬೀರು ಇರೋದ್ರಿಂದ ಕೋಣೆ ಬೆಂಕಿಪೊಟ್ಟಣದ ಥರ ಕಾಣ್ಸುತ್ತೆ. ನಾಳೆ ಸಂಜೆ ಪಾರ್ಟಿ ಕರ್ಕೊಂಡು ಬರ್ತೀನಿ. ಅಷ್ಟರಲ್ಲಿ ಇದನ್ನ ಖಾಲಿ ಮಾಡಿಸಿ."

ಅದು ಬೀರು ಅಂದರೆ ಬೀರಲ್ಲ. ನಾಲ್ಕು ಬಾಗಿಲಿನ ತೇಗದ ಕೋಟೆ! ನಾವು ಚಿಕ್ಕವರಿದ್ದಾಗ ಅಮ್ಮ ನಮ್ಮ ಬಟ್ಟೆ ಹುಡುಕಲು ಅದರೊಳಗೆ ಹೊಕ್ಕರೆ, ಮತ್ತೆ ಹೊರಗೆ ಬರುವವರೆಗೆ ನಮಗೆ ಜೀವ ಹಾರುತ್ತಿತ್ತು.

"ಇದಕ್ಕೆಲ್ಲ ಕೂಲಿಯವರು ಯಾಕೆ?" ಎಂದು ಮರುದಿನ ನಾನು ಅಂಗಿಯ ತೋಳೇರಿಸಿದೆ. "ಬಂದರಿನ ಸರಕು ಕಚೇರೀಲಿ ಜೀವಮಾನ ಸವೆಸಿದೋನು ನಾನು. ಆನೆ ಬೇಕಾದ್ರೂ ಹಡಗು ಹತ್ತಿಸ್ತೀನಿ!"

"ಕಾಗದದ ಮೇಲೆ" ಎಂದಳು ಹೆಂಡತಿ.

"ಬೀರು ಇಳಿಸೋದು ನಂಗೇನು ಹೊಸದಾ?"

"ಆ ಬೀರೇ ಬೇರೆ, ಈ ಬೀರೇ ಬೇರೆ. ಆಫೀಸಿನ ಪಾರ್ಟೀಲಿ ಇಳಿಸೋದಕ್ಕೆ ಒಂದು ಗಂಟಲು ಸಾಕು. ಇದು ಆ ಮೆಟ್ಟಿಲಿನ ತಿರುವು ದಾಟಬೇಕು. ದಾಟಲ್ಲ ರೀ. ಬೀರಿನ ಉದ್ದ ನೋಡಿ, ಮೂಲೆ ನೋಡಿ."

"ಗಣಿತ ಬೇರೆ, ಬದುಕು ಬೇರೆ!"

"ಹೌದು. ಗಣಿತದಲ್ಲಿ ತಪ್ಪು ಮಾಡಿದ್ರೆ ರಬ್ಬರ್ ಇರುತ್ತೆ."

ಅಕ್ಕ ಕಿಟಕಿಯ ಬಳಿ ನಿಂತು ನೋಡುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದಳು. ಮತ್ತೆ ಮುಚ್ಚಿದಳು.

ನಾನು ಹಳೆಯ ಹಾಸಿಗೆಯೊಂದನ್ನು ನೆಲಕ್ಕೆ ಹಾಸಿ, ಖಾಲಿ ಬೀರನ್ನು ಅದರ ಮೇಲೆ ಅಂಗಾತ ಮಲಗಿಸಿದೆ. ಮಲಗಿಸಿದೆ ಎನ್ನುವುದು ಗೌರವದ ಮಾತು, ಅದೇ ಬಿತ್ತು. ತಾರಸಿಯ ಗಾರೆ ಉದುರಿತು. ಹಾಸಿಗೆಸಮೇತ ನೂಕಿ ನೂಕಿ ಮೆಟ್ಟಿಲ ಬಾಯಿಗೆ ತಂದೆ. ಹೆಂಡತಿ ಕೆಳಗಡೆ, ಬಹಳ ದೂರದಲ್ಲಿ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹೊಸ ಹಡಗನ್ನು ಮೊದಲ ಬಾರಿಗೆ ನೀರಿಗೆ ಬಿಡುವ ಗತ್ತಿನಲ್ಲಿ ನಾನು ಕೂಗಿದೆ, "ಹಾಂ, ಬಿಟ್ಟೆ!"

ಹಡಗು ಹೊರಟಿತು! ಧಡಧಡ ಸದ್ದು ಮಾಡುತ್ತ, ಗೋಡೆಯ ಹಿಡಿಗಂಬಿಯನ್ನು ಕಿತ್ತುಕೊಂಡು, ಸುಣ್ಣ ಎಬ್ಬಿಸಿಕೊಂಡು ಇಳಿಯಿತು. ತಿರುವಿಗೆ ಬಂತು. ಒಂದು ಮೂಲೆ ಎಡಗೋಡೆಗೆ, ಇನ್ನೊಂದು ಮೂಲೆ ಬಲಗೋಡೆಗೆ ಕಚ್ಚಿ, ಬಿರಡೆ ಹಾಕಿದ ಹಾಗೆ ನಿಂತುಬಿಟ್ಟಿತು. ನೂಕಿದೆ. ಎಳೆದೆ. ಒದ್ದೆ. ಬೈದೆ. ಬೇಡಿಕೊಂಡೆ. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಎರಡು ಗೋಡೆಗಳ ನಡುವಿನ ಮೆಟ್ಟಿಲು ಅದು. ಬೀರಿನ ಮೇಲೆ ಉಳಿದದ್ದು ದನಿ ದಾಟುವಷ್ಟು ಸಂದು, ಕೆಳಗೆ ಬೆಕ್ಕು ನುಸುಳುವಷ್ಟು. ಮಹಡಿಗಿದ್ದದ್ದು ಅದೊಂದೇ ದಾರಿ. ಮೇಲೆ ನಾನು ಮತ್ತು ಅಕ್ಕ. ಕೆಳಗೆ ಗಣಿತ.

"ಸಿಕ್ಕಿಕೊಳ್ತಾ?" ಎಂದು ಗಣಿತ ಕೇಳಿತು.

"ವಿಶ್ರಾಂತಿ ತಗೋತಿದೆ!" ಎಂದೆ.

ಆಗ ಅಕ್ಕ ಹಿಂದಿನಿಂದ ಮೆಲ್ಲಗೆ ಅಂದಳು, "ಅದು ಈ ಮೆಟ್ಟಿಲು ಹತ್ತೇ ಇಲ್ಲ ಕಣೋ. ತಾತ ಬಡಗಿಯನ್ನ ಮೇಲೇ ಕೂರಿಸಿ ಇದೇ ಕೋಣೇಲಿ ಮಾಡಿಸಿದ್ದು. ಅದು ಇಲ್ಲೇ ಹುಟ್ಟಿದ್ದು."

"ಮೊದಲೇ ಬೊಗಳೋಕೆ ಏನಾಗಿತ್ತು ನಿಂಗೆ?"

"ನೀನು ಕೇಳ್ಲಿಲ್ಲ."

ಹೆಂಡತಿ ಬಡಗಿಗೆ ಫೋನ್ ಮಾಡಿದಳು. ಕೈಯಲ್ಲಿರುವ ಕೆಲಸ ಮುಗಿಸಿ ಬರುತ್ತೇನೆ ಎಂದನಂತೆ. ಬಡಗಿಗಿಂತ ಮೊದಲು ಬ್ರೋಕರ್ ಬಂದ, ಪಾರ್ಟಿಯ ಜೊತೆ! ಗಂಡ ಹೆಂಡತಿ ಇಬ್ಬರೂ ಹಲ್ಲಿನ ಡಾಕ್ಟರು. ದಂತದಂಪತಿ! ಕೆಳಗೆ ಟಕ್ ಟಕ್ ಎಂದು ಗೋಡೆ ಬಡಿಯುವ ಸದ್ದು ಕೇಳಿಸಿತು.

"ಇಲ್ಲಿ ಹುಳುಕಿದೆ" ಎಂದರು ಡಾಕ್ಟರು. ಟಕ್ ಟಕ್. "ಇಲ್ಲಿ ಟೊಳ್ಳು. ಆದ್ರೆ ಬುಡ ಗಟ್ಟಿ ಇದೆ. ಮಹಡಿ ನೋಡಬಹುದಾ?"

ಬ್ರೋಕರ್ ಮೆಟ್ಟಿಲು ಹತ್ತಿದ. ಕೋಟೆಯ ತಳ ಅವನ ಮೂಗಿಗೆ ತಾಗಿರಬೇಕು. "ಅಯ್ಯೋ ಸಾರ್! ಖಾಲಿ ಮಾಡಿ ಅಂದ್ರೆ ಬಾಗಿಲು ಜಡಿದುಬಿಟ್ಟಿದೀರಲ್ಲ!"

ನಾನು ಎದೆಗುಂದುವ ಪೈಕಿ ಅಲ್ಲ. ಸಂದಿಗೆ ಬಾಯಿಟ್ಟು ಸ್ವಾಗತ ಭಾಷಣ ಶುರುಮಾಡಿದೆ. "ಬನ್ನಿ ಡಾಕ್ಟ್ರೇ, ಬನ್ನಿ! ಈಗ ತಾವು ಮಹಡಿಗೆ ಬಂದಿದೀರಿ ಅಂದ್ಕೊಳ್ಳಿ. ಎಡಗಡೆ ವಿಶಾಲವಾದ ಕೋಣೆ. ಎದುರಿಗೆ ಬಾಲ್ಕನಿ. ಅಲ್ಲಿಂದ ಸಮುದ್ರ ಕಾಣುತ್ತೆ!"

"ನಮಗೇನೂ ಕಾಣ್ತಿಲ್ಲವಲ್ಲ ಸರ್" ಎಂದರು ಡಾಕ್ಟರಮ್ಮ.

"ನಾನು ನೋಡಿ ಹೇಳ್ತೀನಿ! ನೀಲಿ ಇದೆ. ಬಹಳ ನೀರಿದೆ!"

ಡಾಕ್ಟರು ಬೀರನ್ನು ಬೆರಳಿನಿಂದ ತಟ್ಟಿ ಪರೀಕ್ಷಿಸಿ, "ಇದು ಬುದ್ಧಿಹಲ್ಲಿನ ಕೇಸು. ಅಡ್ಡಡ್ಡ ಬೆಳೆದಿದೆ. ಎಳೆದ್ರೆ ಬರಲ್ಲ, ತುಂಡು ಮಾಡೇ ತೆಗೀಬೇಕು" ಎಂದು ತೀರ್ಪು ಕೊಟ್ಟರು.

"ಬುದ್ಧಿ ಇದ್ದಿದ್ರೆ ಹಲ್ಲಿನ ಮಾತು" ಎಂದಳು ನನ್ನ ಹೆಂಡತಿ. ಅವರನ್ನು ಹಿತ್ತಿಲು ತೋರಿಸಲು ಕರೆದುಕೊಂಡು ಹೋದಳು ಎಂದು ನಾನು ಭಾವಿಸಿದೆ. ಕೆಳಗೆ ಸದ್ದಡಗಿತು.

ಬೆಳಕು ಇಳಿಯುತ್ತಿತ್ತು. ಬೀರು ಇದ್ದ ಜಾಗದಲ್ಲಿ ಗೋಡೆಯ ಬಣ್ಣ ಹೊಸದಾಗಿಯೇ ಉಳಿದಿತ್ತು. ಅಕ್ಕ ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ನಾನೂ ಪಕ್ಕದಲ್ಲಿ ಕೂತೆ. ಇದೇ ಸಮಯ ಎನ್ನಿಸಿತು. ಗಂಟಲು ಸರಿಮಾಡಿಕೊಂಡು, "ಅಕ್ಕಾ, ನಾನಿದೀನಿ. ಅಳು ಬಂದ್ರೆ ತಡೀಬೇಡ" ಎಂದೆ.

ಅವಳು ನಕ್ಕಳು. "ಬೇಕಂತ್ಲೇ ಹೇಳ್ಲಿಲ್ಲ ಕಣೋ ನಾನು."

"ಏನು?"

"ಬೀರು ಇಳಿಯಲ್ಲ ಅಂತ. ಸಿಕ್ಕಿಕೊಂಡ್ರೆ ಬಂದೋರು ಹಾಗೇ ವಾಪಸ್ ಹೋಗ್ತಾರೆ, ಇನ್ನೊಂದಷ್ಟು ಸಂಜೆ ಇಲ್ಲೇ ಇರಬಹುದು ಅನ್ನಿಸ್ತು." ಅವಳು ಬಾಲ್ಕನಿಯ ಕಡೆ ನೋಡಿದಳು. "ಕೊನೆಕೊನೆಗೆ ಅಮ್ಮಂಗೆ ನಾನು ಯಾರು ಅಂತ ಗೊತ್ತಾಗ್ತಿರ್ಲಿಲ್ಲ. ಯಾರೋ ಕೆಲಸಕ್ಕೆ ಬಂದೋಳು ಅಂದ್ಕೊಂಡಿದ್ಲು. ಮರ್ಯಾದೆ ಅಂದ್ರೆ ಮರ್ಯಾದೆ! ನಂಗೆ ಬಹುವಚನ! ಹೊತ್ತು ಮುಳುಗ್ತಿದ್ದ ಹಾಗೆ ಶುರು. 'ಹೊತ್ತಾಯ್ತಲ್ಲಮ್ಮಾ, ನಿಮ್ಮ ಮನೇಲಿ ಕಾಯ್ತಿರ್ತಾರೆ, ಹೊರಡಿ ನೀವು' ಅಂತ. 'ಇದೇ ನನ್ನ ಮನೆ ಅಮ್ಮಾ' ಅಂದ್ರೆ ಹೆದರಿ ನಡುಗೋಳು. ಯಾರೋ ಮನೆ ಕಿತ್ಕೊಳ್ಳೋಕೆ ಬಂದಿದಾರೆ ಅಂತ."

"ಆಮೇಲೆ?"

"ಆಮೇಲೇನು, ಹೊರಡ್ತಿದ್ದೆ. 'ಬರ್ತೀನಮ್ಮಾ' ಅಂತ ಚಪ್ಪಲಿ ಹಾಕ್ಕೊಂಡು ಮುಂದಿನ ಬಾಗಿಲಿಂದ ಹೋಗ್ತಿದ್ದೆ. ಗೇಟು ದಾಟೋವರೆಗೂ ಅವಳು ಬಾಲ್ಕನೀಲಿ ನಿಂತು ಕೈ ಬೀಸೋಳು. ನಾನು ಗಲ್ಲಿ ಸುತ್ತಿ ಹಿಂದಿನ ಬಾಗಿಲಿಂದ ಬಂದು ಮೆಟ್ಟಿಲು ಹತ್ತುತ್ತಿದ್ದೆ. ನೋಡಿದ ತಕ್ಷಣ, 'ಬಂದ್ಯೇನೇ? ಎಷ್ಟು ಹೊತ್ತು ಮಾಡ್ತೀಯೆ! ಆ ಹೆಂಗಸು ಈಗಷ್ಟೇ ಹೋದ್ಲು. ಪಾಪ, ಒಳ್ಳೆಯೋಳು. ಅವಳಿಗೆ ಸಂಬಳ ಗಿಂಬಳ ಸರಿಯಾಗಿ ಕೊಡ್ತಿದೀಯೋ ಇಲ್ವೋ?' ಅನ್ನೋಳು."

ನನಗೆ ಫಕ್ಕನೆ ನಗು ಬಂತು. ಅಕ್ಕನೂ ನಕ್ಕಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

"ಆಗ ಸ್ವಲ್ಪ ಹೊತ್ತು ನಾನು ಮಗಳು" ಎಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತ. "ಊಟದ ಹೊತ್ತಿಗೆ ಮತ್ತೆ ಆ ಹೆಂಗಸು."

"ದಿನಾನೂ ಹೀಗೇನಾ?"

"ದಿನಾನೂ. ಮಳೆ ಬಂದ್ರೆ ಕೊಡೆ ಹಿಡ್ಕೊಂಡು."

ನನ್ನ ನಗು ನಿಂತುಹೋಗಿತ್ತು. ಕೇಳಬಾರದಿತ್ತು, ಕೇಳಿದೆ. "ಕೊನೇ ಸಂಜೆ?"

ಅಕ್ಕ ಕೈಯನ್ನು ನೆಲದ ಮೇಲೆ ಆಡಿಸುತ್ತಿದ್ದಳು. "ಅವತ್ತು ಹೊರಡಿ ಅನ್ನಲೇ ಇಲ್ಲ. ನಾನೇ ಚಪ್ಪಲಿ ಹಾಕ್ಕೊಂಡೆ. ಅವಳು ಕೈ ಹಿಡ್ಕೊಂಡು, 'ಯಾಕೋ ಭಯ ಆಗ್ತಿದೆ. ಇವತ್ತೊಂದಿನ ಇಲ್ಲೇ ಇದ್ದುಬಿಡಿ' ಅಂದ್ಲು. ಇದ್ದೆ." ಸೆರಗನ್ನು ಮಡಿಲಿಗೆ ಎಳೆದುಕೊಂಡಳು. "ಸಾಯೋವಾಗ ಅಮ್ಮನ ಹತ್ರ ಇದ್ದಿದ್ದು ನಾನಲ್ಲ ಕಣೋ. ಆ ಹೆಂಗಸು. ಇರಲಿ, ಒಳ್ಳೆಯೋಳೇ."

ಹಾಗೆಂದವಳ ಮುಖ ಚಿಕ್ಕ ಹುಡುಗಿಯ ಹಾಗೆ ಸೊಟ್ಟಗಾಯಿತು. ಕಟ್ಟೆ ಒಡೆಯಿತು. ಅಡ್ಡ ನಿಲ್ಲಬೇಕಾಗಿದ್ದ ಗಟ್ಟಿ ಎದೆಯವನು ಏನು ಮಾಡಿದ ಗೊತ್ತೇ? ಅಕ್ಕನ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತ. ಸಮಾಧಾನದ ಮಾತುಗಳನ್ನು ವಾರದಿಂದ ಬಾಯಿಪಾಠ ಮಾಡಿಟ್ಟುಕೊಂಡಿದ್ದೆ. ಒಂದೂ ನೆನಪಿಗೆ ಬರಲಿಲ್ಲ.

ಅಷ್ಟರಲ್ಲಿ ಮೆಟ್ಟಿಲ ಕೆಳಗಿನಿಂದ ಸೊರ್ ಎಂದು ಯಾರೋ ಮೂಗು ಸೀಟಿದ ಸದ್ದು!

"ಯಾರದು?" ಎಂದು ಗುಡುಗಿದೆ.

"ನಾನು... ಡೆಂಟಿಸ್ಟು" ಎಂದಿತು ಒಂದು ಒದ್ದೆ ದನಿ. "ಕ್ಷಮಿಸಿ. ಬೀರು ಹೇಗೆ ಕೂತಿದೆ ಅಂತ ನೋಡ್ತಿದ್ವಿ. ಕೇಳಿಸಿಬಿಡ್ತು."

"ಎಲ್ರಿಗೂ ಕೇಳಿಸ್ತು ರೀ" ಎಂದಳು ನನ್ನ ಹೆಂಡತಿ. ಅವಳ ದನಿಯಲ್ಲಿ ಕೆಂಪು ಗೆರೆ ಇರಲಿಲ್ಲ. ಆಮೇಲೆ ಅವಳು ಸಂದಿಯೊಳಗಿನಿಂದ ಕೈ ತೂರಿಸಿ, "ಅತ್ತಿಗೇ" ಎಂದಷ್ಟೇ ಕರೆದಳು. ಅಕ್ಕ ಇಳಿದು ಹೋಗಿ ಆ ಕೈ ಹಿಡಿದುಕೊಂಡಳು. ಬಡಗಿ ಬರುವವರೆಗೂ ಹಾಗೇ ನಿಂತಿದ್ದರು, ನಡುವೆ ಬೀರು.

ಬಡಗಿ ಗರಗಸ ಇಟ್ಟು, "ಕೊಯ್ಲಾ?" ಎಂದು ಕೇಳಿದ. ನಾನು ತಾರಸಿ ನೋಡಿದೆ. ಅಕ್ಕನೇ, "ಕೊಯ್ಯಪ್ಪಾ" ಎಂದಳು. ಹಲಗೆ ಬಾಯಿ ಬಿಟ್ಟಾಗ ಒಳಗಿನಿಂದ ನುಸಿಗುಳಿಗೆಯ ವಾಸನೆ, ಅದರ ಹಿಂದೆಯೇ ಅಮ್ಮ ಅದರಲ್ಲಿ ಮಡಿಸಿಡುತ್ತಿದ್ದ ಬಟ್ಟೆಗಳ ವಾಸನೆ ಮೆಟ್ಟಿಲ ತುಂಬ ಹರಡಿತು.

ದಂತದಂಪತಿ ಮನೆ ಕೊಂಡರು. ಬೇರೆ ಯಾರಿಗೋ ಹೋಗುವ ಬದಲು ಇವರಿಗೇ ಹೋಗಲಿ ಎಂದು ಅಕ್ಕನೂ ಒಪ್ಪಿದಳು.

ಬಿಟ್ಟು ಹೊರಡುವ ದಿನ ನಾನು ಮತ್ತೆ ಸರ್ವಸನ್ನದ್ಧ. ಅಕ್ಕನ ಕಣ್ಣೀರಿಗೆಂದು ಜೇಬಿನಲ್ಲಿ ಎರಡು ದೊಡ್ಡ ಕರ್ಚೀಫು. ಅವಳು ಕೋಣೆ ಕೋಣೆಯ ಕಿಟಕಿ ಹಾಕಿದಳು, ಬೀಗ ಹಾಕಿದಳು, ಕೀಲಿಕೈಯನ್ನು ಬ್ರೋಕರಿಗೆ ಕೊಟ್ಟಳು, ಟ್ಯಾಕ್ಸಿ ಹತ್ತಿ ನೆಟ್ಟಗೆ ಕೂತಳು. ನಾನು ಅವಳ ಪಕ್ಕದಲ್ಲಿ, ಹೆಂಡತಿ ಮುಂದಿನ ಸೀಟಿನಲ್ಲಿ. ಟ್ಯಾಕ್ಸಿ ಹೊರಟಿತು. ನಾನು ಅಕ್ಕನ ಭುಜದ ಮೇಲೆ ಕೈಯಿಟ್ಟು, ಗಂಭೀರವಾಗಿ ಆರಂಭಿಸಿದೆ.

"ಅಕ್ಕಾ, ಮನೆ ಅಂದ್ರೆ ಬರೀ ಇಟ್ಟಿಗೆ, ಸುಣ್ಣ ಅಲ್ಲ..."

ಇಟ್ಟಿಗೆಯವರೆಗೆ ಚೆನ್ನಾಗಿತ್ತು. ಸುಣ್ಣಕ್ಕೆ ಬಂದಾಗ ಹಿಂದಕ್ಕೆ ತಿರುಗಿ ನೋಡಿದೆ. ಹಿಂದಿನ ಗಾಜಿನಲ್ಲಿ ಬಾಲ್ಕನಿ ಸಣ್ಣದಾಗುತ್ತ ಹೋಗುವುದು ಕಾಣಿಸಿತು. ಅಷ್ಟೇ! ಗೊಳೋ ಎಂದು ಶುರುವಾದದ್ದು ನಿಲ್ಲಲೇ ಇಲ್ಲ. ಮೊದಲನೇ ಕರ್ಚೀಫು ತಿರುವಿನಲ್ಲೇ ಮುಗಿಯಿತು. ಎರಡನೆಯದನ್ನು ಅಕ್ಕನೇ ನನ್ನ ಜೇಬಿನಿಂದ ತೆಗೆದು ಕೈಗಿಟ್ಟಳು. ನಾನು ಆ ಮನೆ ಬಿಟ್ಟು ಫ್ಲ್ಯಾಟಿಗೆ ಹೋಗಿ ಅರ್ಧ ಆಯುಷ್ಯವೇ ಕಳೆದಿತ್ತು, ಸ್ವಾಮೀ! ತಲೆ ನೆರೆತ ಮನುಷ್ಯ! ಡ್ರೈವರ್ ಗಾಬರಿಯಾಗಿ ಕನ್ನಡಿಯಲ್ಲಿ ನೋಡಿ ವೇಗ ತಗ್ಗಿಸಿದ.

"ಏನಾಯ್ತಮ್ಮಾ? ಆಸ್ಪತ್ರೆ ಕಡೆ ತಿರುಗಿಸ್ಲಾ?"

"ಏನೂ ಇಲ್ಲಪ್ಪಾ, ನೀನು ನಿಧಾನ ಹೋಗು" ಎಂದಳು ಅಕ್ಕ, ನನ್ನ ಬೆನ್ನು ಸವರುತ್ತ. "ನಮ್ಮ ಹುಡುಗ ಮೊದಲನೇ ಸಲ ಮನೆ ಬಿಟ್ಟು ಹೊರಟಿದಾನೆ."