ಚಪ್ಪಲಿಗೂ ತಿರುಗದ ದೊಡ್ಡಪ್ಪ

ಲೋಕ ಯಾವತ್ತು ಮುಳುಗುತ್ತದೆಂದು ನಮ್ಮ ದೊಡ್ಡಪ್ಪನಿಗೆ ತಿಳಿದಿರಲಿಲ್ಲ. ಯಾವತ್ತು ಮುಳುಗುವುದಿಲ್ಲ ಎಂಬುದು ಮಾತ್ರ ಕರಾರುವಾಕ್ಕಾಗಿ ಗೊತ್ತಿತ್ತು! ಕಲ್ಯಾಣದುರ್ಗದ ನಮ್ಮ ಪುಟ್ಟ ಕಥೋಲಿಕ ಕೇರಿಗೆ ಅವರೇ ಉಪದೇಶಿ. ಗುರುಗಳು ತಿಂಗಳಿಗೊಮ್ಮೆ ಬಂದು ಲತೀನಿನಲ್ಲಿ ಪೂಜೆ ಮಾಡಿ ಹೋಗುತ್ತಿದ್ದರು. ಮಿಕ್ಕ ದಿನ ಜಪ ಹೇಳಿಸುವುದು, ಹುಣಿಸೆಹಣ್ಣು ಒಣಗಿಸಿ ಹಿಂದೂಪುರದ ಮಂಡಿಗೆ ಸಾಗಿಸುವುದು, ಎರಡೂ ಇವರ ಕೆಲಸ.

ಎಡವಟ್ಟಾಗಿದ್ದು ಒಂದು ನವೆಂಬರ್ ಭಾನುವಾರ. ಪೂಜಾವರ್ಷದ ಕಡೆಯ ಆ ಭಾನುವಾರ ಲೋಕಾಂತ್ಯದ ಅಧ್ಯಾಯ ಓದುವುದು ವಾಡಿಕೆ. ಮಾಳಿಗೆ ಮೇಲಿದ್ದವನು ಸಾಮಾನಿಗಾಗಿ ಕೆಳಗಿಳಿಯಬಾರದು, ಹೊಲದಲ್ಲಿದ್ದವನು ಬಟ್ಟೆಗಾಗಿ ಹಿಂದೆ ತಿರುಗಬಾರದು ಎಂಬ ಮಾತು ಅದರಲ್ಲಿದೆ. ಎಲ್ಲರೂ ಕೇಳಿ ಮನೆಗೆ ಹೋದರು. ದೊಡ್ಡಪ್ಪ ಅವತ್ತಿನಿಂದಲೇ ಜಾರಿಗೆ ತಂದುಬಿಟ್ಟರು!

ಮಾಳಿಗೆ ಮೇಲೆ ಹುಣಿಸೆ ಹರವಿ ಕೂತವರನ್ನು ದೊಡ್ಡಮ್ಮ ಊಟಕ್ಕೆ ಕರೆದರೆ, "ತಟ್ಟೆ ಮ್ಯಾಲಕ್ಕೇ ಕೊಡು, ನಾನು ಇಳಿಯಂಗಿಲ್ಲ!" ಎನ್ನುವರು. ಸಂಜೆ ಜಪಕ್ಕೆ ಮಾತ್ರ ಹೇಗಿಳಿಯುತ್ತಿದ್ದರು? "ಜಪ ಸಾಮಾನಲ್ಲ ಕಣೇ." ದೇವಾಲಯದಲ್ಲಿ ಮರೆತ ಚಪ್ಪಲಿಗೆ ತಿರುಗಲಿಲ್ಲ. ಮಂಡಿಯಲ್ಲಿ ಬಿಟ್ಟ ಕನ್ನಡಕಕ್ಕೂ ತಿರುಗದೆ, ಎರಡು ವಾರ ದೊಡ್ಡಮ್ಮನ ಕನ್ನಡಕ ಏರಿಸಿಕೊಂಡು ಓಡಾಡಿದರು.

ಗುರುಗಳು ತಲೆ ಚಚ್ಚಿಕೊಂಡರು. "ಅಯ್ಯಾ, ಅದು ಜೆರುಸಲೇಮ್ ಹಾಳಾಗುವಾಗ ತಪ್ಪಿಸಿಕೊಳ್ಳಿ ಅಂತ ಹೇಳಿದ್ದು. ಲೋಕದ ಕೊನೆಗೂ ಗುರುತು, ನಿಜ. ಹಾಗಂತ ಅಕ್ಷರಕ್ಕೆ ಜೋತುಬೀಳಬಾರದು. ಧರ್ಮಸಭೆ ದಿನ ಎಣಿಸು ಅನ್ನುವುದಿಲ್ಲ, ಸಿದ್ಧವಾಗಿರು ಅನ್ನುತ್ತೆ."

"ಸಿದ್ಧವಾಗೇ ಇವ್ನಿ ಸ್ವಾಮಿ! ಅದ್ಕೇ ಚಪ್ಲಿಗೂ ತಿರುಗಲ್ಲ."

ಇಂಥವರ ಮುಂದೆ ಅರವತ್ತೆರಡರ ಅಷ್ಟಗ್ರಹ ಕೂಟ ಬಂತು. ಅವತ್ತೇ ಪ್ರಳಯವೆಂದು ಊರಿಗೆ ಊರೇ ನಡುಗಿತು. ಬೀದಿಗೊಂದು ಹೋಮ. ದೊಡ್ಡಪ್ಪ ಹುಣಿಸೆ ಮೂಟೆ ಕಟ್ಟಿಕೊಂಡು ಹಿಂದೂಪುರಕ್ಕೆ ಹೊರಟರು!

"ಇವತ್ತೊಂದಿನ ಬ್ಯಾಡ ಕಣ್ರೀ" ಅಂದಳು ದೊಡ್ಡಮ್ಮ.

"ಆ ದಿನ ಯಾರ್ಗೂ ಗೊತ್ತಿಲ್ಲ ಅಂತ ಯೇಸುಸ್ವಾಮಿನೇ ಹೇಳವ್ರೆ. ಇವತ್ತು ಅಂತ ಊರಿಗೆಲ್ಲಾ ಗೊತ್ತಾಗೈತೆ. ಅಂದ್ಮೇಲೆ ಇವತ್ತಂತೂ ಅಲ್ಲ!"

ಮಕ್ಕಳಿಲ್ಲದ ಮನೆ. ದೊಡ್ಡಮ್ಮ ಕೊಡೆ ತಂದುಕೊಟ್ಟು, "ಮುಳುಗಿದ್ರೆ ಮುಳುಗ್ಲಿ. ಒಬ್ಳೇ ಇರ್ಬೇಕಲ್ಲ, ಅದಕ್ಕೇ ಭಯ" ಅಂದಳು.

ಹಿಂದೂಪುರದಲ್ಲಿ ಮೇಷ್ಟ್ರಾಗಿದ್ದ ನಾನೂ ಅದೇ ಬಸ್ಸಿನಲ್ಲಿದ್ದೆ. ದೊಡ್ಡಪ್ಪ ದೊಡ್ಡಮ್ಮ ಕೊಟ್ಟ ಕೊಡೆಯನ್ನೇ ತಿರುವಿ ತಿರುವಿ ನೋಡುತ್ತಿದ್ದರು. ನಾಲ್ಕು ಮೈಲಿ ಹೋಗಿರಲಿಲ್ಲ, ಎದ್ದು ನಿಂತು, "ಆಪಪ್ಪಾ, ದಿಗಾಲ!" ಎಂದು ತೆಲುಗಿನಲ್ಲಿ ಕೂಗಿ ಬಸ್ಸು ನಿಲ್ಲಿಸಿ ಇಳಿದೇಬಿಟ್ಟರು.

ನಾನು ಕಿಟಕಿಯಿಂದ ಕೆಣಕಿದೆ. "ದೊಡ್ಡಪ್ಪಾ, ಹಿಂದಕ್ಕೆ ತಿರುಗಬಾರದಲ್ವಾ?"

"ಬಟ್ಟೆಗೆ ತಿರುಗ್ಬ್ಯಾಡ ಅಂತ ಬರ್ದೈತೆ ಕಣಪ್ಪ. ಹೆಂಡ್ರಿಗೆ ತಿರುಗ್ಬ್ಯಾಡ ಅಂತ ಎಲ್ಲಿ ಬರ್ದೈತೆ?"

ಹೇಳಿದವರೇ ಪಂಚೆ ಎತ್ತಿ ಕಟ್ಟಿ ಕಲ್ಯಾಣದುರ್ಗದ ಕಡೆ ಬಿರಬಿರನೆ ನಡೆದರು. "ಪೆದ್ದಾಯನಾ, ನೀ ಚಿಂತಪಂಡು!" ಎಂದು ಕಂಡಕ್ಟರ್ ಬಸ್ಸಿನ ಮೇಲಿನ ಹುಣಿಸೆ ಮೂಟೆ ತೋರಿಸಿ ಕೂಗಿದ. ದೊಡ್ಡಪ್ಪ ಅದಕ್ಕೆ ತಿರುಗುವ ಪೈಕಿಯೇ? ನನಗೆ ನಗು ಬಂತು. ಅದಕ್ಕಿಂತ ಮೊದಲು, ದೊಡ್ಡಮ್ಮ ಇವತ್ತು ಒಬ್ಬಳೇ ಇರುವುದಿಲ್ಲವೆಂದು ಎದೆ ಹಗುರವಾಯಿತು.